ಸೆಮಿಸ್ಟರ್ ಎಂಬ ತೊಂಬತ್ತು ದಿನ

ರಜೆ ಮುಗಿಸಿ ಊರಿನಿಂದ ಕಾಲೇಜಿಗೆ ಹೊರಟ ಹುಡುಗಿಯ ಚೀಲದಲ್ಲಿ ಒಗೆದು ಮಡಚಿದ ಬಟ್ಟೆ ಇರುತ್ತದೆ, ಡಬ್ಬಿಯಲ್ಲಿ ಅವ್ವ ಕುಟ್ಟಿಕೊಟ್ಟ ಶೇಂಗಾ ಚಟ್ನಿ ಇರುತ್ತದೆ, ತಲೆಯಲ್ಲಿ ಒಂದಷ್ಟು ಸಂಕಲ್ಪಗಳಿರುತ್ತವೆ. ಈ ಸಲ ಮೊದಲ ದಿನದಿಂದಲೇ ಓದಬೇಕು. ಲ್ಯಾಬ್ ರೆಕಾರ್ಡನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು. ಹೋದ ಸಲದ ಬ್ಯಾಕ್ ಪೇಪರ್ ಮುಗಿಸಲೇಬೇಕು. ಡಬ್ಬಿಯ ತಳ ಕಾಣುವ ಹೊತ್ತಿಗೆ ಈ ಸಂಕಲ್ಪಗಳೂ ಅರ್ಧ ಕರಗಿರುತ್ತವೆ. ಅದನ್ನು ಸೋಮಾರಿತನ ಎಂದು ಬೈಯುವವರು ಮನೆಯಲ್ಲೂ ಕಾಲೇಜಿನಲ್ಲೂ ಸಿಗುತ್ತಾರೆ. ಸೆಮಿಸ್ಟರ್ ಎಷ್ಟು ಚಿಕ್ಕದು, ಅದರೊಳಗೆ ಯಾವ ಕೆಲಸ ಯಾವಾಗ ಮುಗಿಯಬೇಕು ಎಂದು ಕೂರಿಸಿಕೊಂಡು ಲೆಕ್ಕ ಹೇಳಿಕೊಡುವವರು ಅಪರೂಪ.

ಲೆಕ್ಕ ಹೀಗಿದೆ. ಯುಜಿಸಿ ಪ್ರಕಾರ ಒಂದು ಸೆಮಿಸ್ಟರಿನಲ್ಲಿ ಪಾಠ ನಡೆಯಬೇಕಾದ ದಿನಗಳು 90. ಬಾಯಿಮಾತಿಗೆ ಆರು ತಿಂಗಳಾದರೂ ಭಾನುವಾರ, ಹಬ್ಬ, ಪರೀಕ್ಷೆಗಳನ್ನು ಕಳೆದ ಮೇಲೆ ಕೈಗೆ ದಕ್ಕುವುದು ಇಷ್ಟೇ. ಪಾಠದ ಒಂದು ಕ್ರೆಡಿಟ್ ಎಂದರೆ ಸುಮಾರು 15 ಗಂಟೆ. ಮೂರು ಕ್ರೆಡಿಟ್ಟಿನ ವಿಷಯಕ್ಕೆ 45 ತರಗತಿ. ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕೇಳುವ ಶೇ 75 ಹಾಜರಿಯ ಪ್ರಕಾರ ಇದರಲ್ಲಿ 11 ತರಗತಿ ತಪ್ಪಿದರೂ ನಡೆಯುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಿಟಿಯು ಕೇಳುವುದು ಶೇ 85. ಅಲ್ಲಿ ತಪ್ಪಬಹುದಾದ ತರಗತಿ ಆರೇ ಆರು.

ಮಳೆಗಾಲದಲ್ಲಿ ಶುರುವಾಗುವ ಬೆಸ ಸೆಮಿಸ್ಟರಿನಲ್ಲಿ ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿ ಸಾಲುಗಟ್ಟಿ ಬರುತ್ತವೆ. ಹಬ್ಬದ ರಜೆಗೆ ಹಿಂದೊಂದು ಮುಂದೊಂದು ದಿನ ಸೇರಿಸಿಕೊಂಡು ಎರಡು ಸಲ ಊರಿಗೆ ಹೋಗಿ ಬಂದರೆ ಆ ಆರರಲ್ಲಿ ನಾಲ್ಕು ಮುಗಿದಂತೆ. ಆಮೇಲೆ ನಿಜವಾಗಿಯೂ ಜ್ವರ ಬಂದರೆ? ಅಕ್ಕನ ಮದುವೆ ಗೊತ್ತಾದರೆ? ಅದಕ್ಕೇ ಮೊದಲ ವಾರದಲ್ಲೇ ಕ್ಯಾಲೆಂಡರ್ ಹಿಡಿದು, ಊರಿಗೆ ಹೋಗಲೇಬೇಕಾದ ದಿನಗಳನ್ನು ಗುರುತು ಹಾಕಿಕೊಂಡು, ಉಳಿದ ಗೈರುಹಾಜರಿಯನ್ನು ಕಾಯಿಲೆ ಕಸಾಲೆಗೆಂದು ಎತ್ತಿಟ್ಟವರು ಕೊನೆಯಲ್ಲಿ ಎಚ್‌ಓಡಿ ಕೋಣೆಯ ಮುಂದೆ ಕಾಯಬೇಕಾಗುವುದಿಲ್ಲ. ಕಾಯಿಲೆಯಾದಾಗ ವೈದ್ಯರ ಸರ್ಟಿಫಿಕೇಟನ್ನು ತರಗತಿಗೆ ಮರಳಿದ ದಿನವೇ ಕೊಟ್ಟುಬಿಡುವುದು ಒಳ್ಳೆಯದು. ಸೆಮಿಸ್ಟರ್ ಕೊನೆಯಲ್ಲಿ ತಂದ ಸರ್ಟಿಫಿಕೇಟ್ ಎಷ್ಟೇ ನಿಜವಾಗಿದ್ದರೂ ಅನುಮಾನಕ್ಕೆ ಎಡೆಯಾಗುತ್ತದೆ.

ಇಂಟರ್ನಲ್ಸ್ ಅಂಕಗಳ ಬಗ್ಗೆ ಇರುವ ಉದಾಸೀನವೂ ಇಷ್ಟೇ ದುಬಾರಿ. ವಿಟಿಯುವಿನ 2022ರ ಸ್ಕೀಮನ್ನೇ ನೋಡಬಹುದು. ಒಂದು ಥಿಯರಿ ವಿಷಯದ 100 ಅಂಕಗಳಲ್ಲಿ 50 ಇಂಟರ್ನಲ್ಸ್‌ಗೆ, 50 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ. ಕೊನೆಯ ಪರೀಕ್ಷೆಯಲ್ಲಿ 50ಕ್ಕೆ ಕನಿಷ್ಠ 18 ಬೇಕು, ಎರಡೂ ಸೇರಿ 40 ಆಗಬೇಕು. ಬ್ಲೂ ಬುಕ್ಕಿನಲ್ಲಿ ಬರೆಯುವ ಟೆಸ್ಟುಗಳು, ಅಸೈನ್‌ಮೆಂಟುಗಳು ಸೇರಿ ಇಂಟರ್ನಲ್ಸ್‌ನಲ್ಲಿ 40 ದಾಟಿದ ಹುಡುಗ ಕೊನೆಯ ಪರೀಕ್ಷೆಗೆ ನಿರಾಳವಾಗಿ ಕೂರುತ್ತಾನೆ. ಅರ್ಧ ಹೊರೆ ಆಗಲೇ ಇಳಿದಿರುತ್ತದೆ. ಬೇರೆ ವಿಶ್ವವಿದ್ಯಾಲಯಗಳಲ್ಲಿ ಈ ಅಂಕಗಳ ಹಂಚಿಕೆ ಬೇರೆ ಇರಬಹುದು. ತನ್ನ ಕೋರ್ಸಿನಲ್ಲಿ ಅದು ಹೇಗಿದೆ ಎಂಬುದನ್ನು ಮೊದಲ ವಾರವೇ ತಿಳಿದುಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು, ಅಷ್ಟೇ.

ಆ ಹತ್ತು ನಿಮಿಷದ ಜತೆಗೆ ಇನ್ನರ್ಧ ಗಂಟೆ ಕೊಟ್ಟರೆ ಸಿಲಬಸ್ ಕಣ್ಣಿಗೆ ಬೀಳುತ್ತದೆ. ವಿಚಿತ್ರವೆಂದರೆ, ಸೆಮಿಸ್ಟರ್ ಅರ್ಧ ದಾಟಿದರೂ ಸಿಲಬಸ್ ಪ್ರತಿ ನೋಡದ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮೇಷ್ಟ್ರು ಮಾಡಿದ್ದೇ ಪಾಠ, ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ್ದೇ ನೋಟ್ಸು ಎಂದು ನಂಬಿರುತ್ತಾರೆ. ಸಿಲಬಸ್ಸಿನ ಪಕ್ಕದಲ್ಲಿ ಕಳೆದ ನಾಲ್ಕೈದು ಪರೀಕ್ಷೆಗಳ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಯಾವ ಅಧ್ಯಾಯದಿಂದ ಎಂಥ ಪ್ರಶ್ನೆ ಬರುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದರೆ ವಿಷಯದ ನಕ್ಷೆ ಸಿಕ್ಕಂತಾಗುತ್ತದೆ. ವಿಟಿಯು ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್‌ಗಳಿಂದ ತಲಾ ಎರಡು ಪ್ರಶ್ನೆ ಇದ್ದು, ಪ್ರತಿ ಮಾಡ್ಯೂಲಿನಿಂದ ಒಂದನ್ನು ಬರೆಯಬೇಕು. ಹೀಗಾಗಿ ಒಂದು ಮಾಡ್ಯೂಲನ್ನು ಪೂರ್ತಿ ಕೈಬಿಟ್ಟವರು ಆ ಪರೀಕ್ಷೆಯ ಅಂಕಗಳಲ್ಲಿ ಐದನೇ ಒಂದು ಪಾಲನ್ನು ಮೊದಲೇ ಕೈಬಿಟ್ಟ ಹಾಗೆ. ಎಲ್ಲ ಮಾಡ್ಯೂಲ್‌ಗಳಲ್ಲೂ ಒಂದೊಂದು ಪ್ರಶ್ನೆಯಾದರೂ ಬರೆಯುವಷ್ಟು ತಯಾರಾದವರಿಗೆ ಆ ನಷ್ಟ ಇಲ್ಲ.

ಇನ್ನು ಓದುವ ಬಗೆ. ಇದರ ಬಗ್ಗೆ ತುಸು ನಿಧಾನವಾಗಿಯೇ ಹೇಳಬೇಕು. ಹೆಚ್ಚಿನ ಹುಡುಗರು ಹಗಲಿರುಳು ಓದಿಯೂ ಪರೀಕ್ಷೆಯಲ್ಲಿ ‘ಓದಿದ್ದೆ, ನೆನಪಾಗಲಿಲ್ಲ’ ಎಂದು ಕಣ್ಣೀರು ಹಾಕುವುದಕ್ಕೆ ಕಾರಣ ಇಲ್ಲೇ ಇದೆ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಸಣ್ಣ ಸಣ್ಣ ಪದಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ವರ್ಷಗಟ್ಟಲೆ ಅಳೆದು 1885ರಲ್ಲಿ ಪ್ರಕಟಿಸಿದ. ಅವನ ಅಳತೆಯಲ್ಲಿ, ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರ ಸುಮಾರು ಮೂರನೇ ಎರಡು ಪಾಲು ಜಾರಿಹೋಗುತ್ತಿತ್ತು. ಅರ್ಥವಿರುವ ಪಾಠ ಇಷ್ಟು ಬೇಗ ಜಾರುವುದಿಲ್ಲ. ಆದರೂ ಮರೆವಿನ ಚಾಳಿ ಅದೇ: ಮೊದಲ ಒಂದೆರಡು ದಿನ ರಭಸ, ಆಮೇಲೆ ನಿಧಾನ. ಸೋಮವಾರ ಕೇಳಿದ ಪಾಠವನ್ನು ಸೋಮವಾರ ರಾತ್ರಿ ಹದಿನೈದು ನಿಮಿಷ ತಿರುವಿ ಹಾಕುವುದಕ್ಕೂ, ಅದೇ ಪಾಠವನ್ನು ಎರಡು ತಿಂಗಳ ನಂತರ ಹೊಸದಾಗಿ ಎಂಬಂತೆ ಮೂರು ಗಂಟೆ ಕೂತು ಓದುವುದಕ್ಕೂ ಇರುವ ವ್ಯತ್ಯಾಸ ಇದರಿಂದ ಅರ್ಥವಾಗುತ್ತದೆ. ಹದ ಇರುವಾಗ ಬಿತ್ತಿದ ಕಾಳಿಗೂ ಹದ ಆರಿದ ಮೇಲೆ ಬಿತ್ತಿದ ಕಾಳಿಗೂ ಇರುವ ವ್ಯತ್ಯಾಸ ರೈತರ ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಿರುವಿ ಹಾಕುವುದು ಎಂದರೆ ಮತ್ತೆ ಓದುವುದೇ? ಅಲ್ಲ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಒಂದು ಗುಂಪಿಗೆ ಚಿಕ್ಕ ಪಾಠವೊಂದನ್ನು ನಾಲ್ಕು ಸಲ ಓದಲು ಕೊಟ್ಟರು. ಇನ್ನೊಂದು ಗುಂಪು ಒಂದೇ ಸಲ ಓದಿ, ಪಾಠ ಬದಿಗಿಟ್ಟು, ನೆನಪಿದ್ದಷ್ಟನ್ನು ಮೂರು ಸಲ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ನಾಲ್ಕು ಸಲ ಓದಿದವರದ್ದೇ ಮೇಲುಗೈ: ಅವರಿಗೆ ಶೇ 83ರಷ್ಟು ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದಾಗ ತಕ್ಕಡಿ ತಿರುಗಿತ್ತು. ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ಇನ್ನೂ ಕುತೂಹಲದ ಸಂಗತಿಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಮುಂಚೆ ಹೆಚ್ಚು ಭರವಸೆಯಿಂದ ಹೇಳಿದ್ದವರು ನಾಲ್ಕು ಸಲ ಓದಿದವರೇ.

ಹಾಸ್ಟೆಲ್ ಕೋಣೆಯಲ್ಲಿ ನಡೆಯುವುದೂ ಇದೇ. ಹಳದಿ ಹೈಲೈಟರಿನಿಂದ ಪುಟವೆಲ್ಲ ಬಳಿದು, ಮೂರು ಸಲ ಕಣ್ಣಾಡಿಸಿದಾಗ ಪುಟ ಪರಿಚಿತ ಅನ್ನಿಸುತ್ತದೆ. ಪರಿಚಿತ ಅನ್ನಿಸುವುದು ಬೇರೆ, ಪುಸ್ತಕ ಮುಚ್ಚಿ ಹೇಳಲು ಬರುವುದು ಬೇರೆ. ಈ ಪ್ರಯೋಗವನ್ನು ನಿತ್ಯದ ರೂಢಿಗೆ ಇಳಿಸುವುದಕ್ಕೆ ದುಡ್ಡೂ ಬೇಡ, ಆ್ಯಪೂ ಬೇಡ. ಹಳೆಯ ನೋಟ್‌ಬುಕ್ಕಿನ ಹಿಂದಿನ ಖಾಲಿ ಹಾಳೆಗಳು ಸಾಕು. ಸಂಜೆ ಕೂತು ಅಂದಿನ ಪಾಠವನ್ನು ನೋಡದೆ ಬರೆಯುವುದು, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಶಾಯಿಯಲ್ಲಿ ಸೇರಿಸುವುದು, ಭಾನುವಾರ ಆ ಬೇರೆ ಶಾಯಿಯ ಸಾಲುಗಳನ್ನಷ್ಟೇ ಮತ್ತೆ ಪ್ರಯತ್ನಿಸುವುದು. ಕೂಡ್ರುವುದೇ ಕಷ್ಟ ಎನ್ನುವವರು 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಕ್ರಮ ಹಿಡಿಯಬಹುದು. ಇದನ್ನು ರೂಢಿಗೆ ತಂದ ಇಟಲಿಯ ಫ್ರಾಂಚೆಸ್ಕೊ ಚಿರಿಲೊ 1980ರ ದಶಕದ ಕೊನೆಯಲ್ಲಿ ಓದಿನ ಮೇಲೆ ಮನಸ್ಸು ನಿಲ್ಲದೆ ಒದ್ದಾಡುತ್ತಿದ್ದ ಕಾಲೇಜು ವಿದ್ಯಾರ್ಥಿ. ಅಡುಗೆಮನೆಯ ಟೊಮೆಟೊ ಆಕಾರದ ಟೈಮರನ್ನು ಮುಂದಿಟ್ಟುಕೊಂಡು ಓದಲು ಕೂತ. ಮೊಬೈಲನ್ನು ಆ 25 ನಿಮಿಷ ಪಕ್ಕದ ಕೋಣೆಯ ಗೆಳೆಯನ ಕೈಗೆ ಕೊಟ್ಟಿಡುವುದು ಇದಕ್ಕೆ ಸೇರಿಸಿಕೊಳ್ಳಬೇಕಾದ ಇಂದಿನ ನಿಯಮ.

ಕನ್ನಡ ಮಾಧ್ಯಮದಿಂದ ಬಂದವರ ಕಷ್ಟ ಇನ್ನೊಂದು ಬಗೆಯದು, ಹೆಚ್ಚು ಒಳಗಿನದು. ಹತ್ತನೇ ತರಗತಿಯವರೆಗೆ, ಕೆಲವೊಮ್ಮೆ ಪಿಯುಸಿವರೆಗೆ, ‘ದ್ಯುತಿಸಂಶ್ಲೇಷಣೆ’, ‘ವೇಗೋತ್ಕರ್ಷ’, ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಎಂದು ಕಲಿತ ಹುಡುಗಿಗೆ ಡಿಗ್ರಿ ತರಗತಿಯಲ್ಲಿ ಫೋಟೊಸಿಂಥೆಸಿಸ್, ಆ್ಯಕ್ಸಿಲರೇಶನ್, ಎಲಾಸ್ಟಿಸಿಟಿ ಎಂದಾಗ ಎದೆ ಧಸಕ್ಕೆನ್ನುತ್ತದೆ. ವಿಷಯ ಅವಳಿಗೆ ಗೊತ್ತು. ಆದರೆ ಹೆಸರು ಬದಲಾದ ಕೂಡಲೇ ತನಗೆ ಏನೂ ಗೊತ್ತಿಲ್ಲ ಎಂದು ನಂಬಿಬಿಡುತ್ತಾಳೆ, ಹಿಂದಿನ ಬೆಂಚಿಗೆ ಸರಿಯುತ್ತಾಳೆ, ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾಳೆ. ಕರ್ನಾಟಕದ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರಿನ ಸೋಲುಗಳಲ್ಲಿ ಎಷ್ಟೋ ಇಲ್ಲಿಂದಲೇ ಶುರುವಾಗುತ್ತವೆ. ಅದು ಬುದ್ಧಿಯ ಸೋಲಲ್ಲ, ಧೈರ್ಯ ಕಳೆದುಕೊಂಡ ಸೋಲು.

ಈ ದಾರಿ ನಡೆದವರು ಹಲವರಿದ್ದಾರೆ. 2014ರಲ್ಲಿ ಭಾರತರತ್ನ ಸ್ವೀಕರಿಸಿದ ವಿಜ್ಞಾನಿ ಸಿ.ಎನ್.ಆರ್. ರಾವ್ ಶಾಲೆಯಲ್ಲಿ ಓದಿದ್ದು ಕನ್ನಡ ಮಾಧ್ಯಮದಲ್ಲಿ. ತಂದೆ ಇಂಗ್ಲಿಷ್ ಬಲ್ಲವರಾಗಿದ್ದರೂ ಮಗನನ್ನು ಕನ್ನಡದಲ್ಲಿ ಓದಲು ಹುರಿದುಂಬಿಸಿದರು. ಇಂಗ್ಲಿಷನ್ನು ಅವರು ಗಟ್ಟಿ ಮಾಡಿಕೊಂಡದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1951ರಲ್ಲಿ, 17ನೇ ವಯಸ್ಸಿಗೆ, ಮೈಸೂರು ವಿಶ್ವವಿದ್ಯಾಲಯದಿಂದ ಪ್ರಥಮ ದರ್ಜೆಯಲ್ಲಿ ಬಿಎಸ್‌ಸಿ ಮುಗಿಸಿದರು.

ಹಾಗಾದರೆ ಮೊದಲ ತಿಂಗಳಲ್ಲಿ ಏನು ಮಾಡಬಹುದು? ಕಿಸೆಯಲ್ಲಿ ಹಿಡಿಯುವ ಪುಟ್ಟ ಪುಸ್ತಕವೊಂದರಲ್ಲಿ ಪ್ರತಿ ವಿಷಯದ ಪಾರಿಭಾಷಿಕ ಪದಗಳನ್ನು ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಎಂದು ದಿನಕ್ಕೆ ಐದರಂತೆ ಬರೆದಿಟ್ಟುಕೊಂಡರೆ ತಿಂಗಳಿಗೆ ನೂರು ದಾಟುತ್ತದೆ. ಒಂದು ವಿಷಯದ ಪಾಠ ಕಿವಿಗೆ ಬೀಳತೊಡಗಲು ಇಷ್ಟು ಪದ ಧಾರಾಳ. ಪಾಠವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಮೊದಲು ಕನ್ನಡದಲ್ಲೇ ಗೆಳತಿಗೆ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸರಳ ವಾಕ್ಯ ಬರೆಯುವುದು ತಲೆತಗ್ಗಿಸುವ ಕೆಲಸವೇನಲ್ಲ. ಅದು ಕಲಿಕೆಯ ಸಹಜ ಕ್ರಮ. ಉದ್ದುದ್ದ ಇಂಗ್ಲಿಷ್ ವಾಕ್ಯಗಳನ್ನು ಗೈಡಿನಿಂದ ಬಾಯಿಪಾಠ ಮಾಡುವುದಕ್ಕಿಂತ ತನ್ನದೇ ಪುಟ್ಟ ವಾಕ್ಯ, ಒಂದು ಚಿತ್ರ, ಒಂದು ಉದಾಹರಣೆ ಹೆಚ್ಚು ಕಾಲ ಉಳಿಯುತ್ತದೆ. ಕಲಾ ಮತ್ತು ವಾಣಿಜ್ಯ ವಿಭಾಗಗಳಲ್ಲಿ ಕೆಲವು ವಿಷಯಗಳ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುವ ಅವಕಾಶ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ತನ್ನ ಕಾಲೇಜಿನಲ್ಲಿ ಹೇಗೆ ಎಂದು ಕೇಳಿಕೊಳ್ಳಲು ಹಿಂಜರಿಯಬೇಕಿಲ್ಲ. ಎಂಜಿನಿಯರಿಂಗ್ ಮತ್ತು ಡಿಪ್ಲೊಮಾದವರಿಗೆ ಎಐಸಿಟಿಇಯ ಇ-ಕುಂಭ್ ಪೋರ್ಟಲ್‌ನಲ್ಲಿ ಕನ್ನಡದ ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳನ್ನು ನೋಡಲು ಶುಲ್ಕವಿಲ್ಲ. ತರಗತಿಯಲ್ಲಿ ಬಿಟ್ಟುಹೋದ ಎಳೆಯನ್ನು ಅಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳಿಕೊಳ್ಳಬಹುದು.

ಬ್ಯಾಕ್ ಉಳಿಸಿಕೊಂಡವರ ಮಾತೇ ಬೇರೆ. ಹೊಸ ಸೆಮಿಸ್ಟರಿನ ಮೊದಲ ದಿನ ಉಳಿದವರೆಲ್ಲ ಹೊಸ ಪುಸ್ತಕ ಹಿಡಿದಿರುವಾಗ ಇವರ ಚೀಲದಲ್ಲಿ ಹಳೆಯ ಪುಸ್ತಕವೂ ಇರುತ್ತದೆ. ಆ ಭಾರ ತೂಕದ್ದಲ್ಲ, ನಾಚಿಕೆಯದ್ದು. ಮನೆಯಲ್ಲಿ ಹೇಳಿರುವುದಿಲ್ಲ, ಗೆಳೆಯರ ಎದುರು ನಕ್ಕು ತೇಲಿಸಿರುತ್ತಾರೆ. ಹಳೆಯ ವಿಷಯಕ್ಕೆ ವಾರದಲ್ಲಿ ಎರಡು ನಿಗದಿತ ಹೊತ್ತು ಕೊಡುವುದು, ಉದಾಹರಣೆಗೆ ಬುಧವಾರ ಸಂಜೆ ಮತ್ತು ಶನಿವಾರ ಮಧ್ಯಾಹ್ನ, ಪರೀಕ್ಷೆಯ ಹಿಂದಿನ ವಾರ ಅದನ್ನೂ ಇದನ್ನೂ ಒಟ್ಟಿಗೆ ಎಳೆಯುವುದಕ್ಕಿಂತ ಎಷ್ಟೋ ವಾಸಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಹಿರಿಯರು ಗದರುತ್ತಿದ್ದದ್ದು ಇದಕ್ಕೇ. ಉತ್ತರ ಪತ್ರಿಕೆಯ ನಕಲು ಅಥವಾ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಗಡುವು ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬೇಸರ ಕಳೆಯಲಿ ಎಂದು ಕಾದರೆ ಅವಕಾಶವೇ ತಪ್ಪುತ್ತದೆ. ತನ್ನ ಉತ್ತರ ಪತ್ರಿಕೆಯನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಎಲ್ಲಿ ಎಡವಿದ್ದು ಎಂಬುದು ಹತ್ತು ಜನರ ಬುದ್ಧಿವಾದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಓದು ನಡುವೆ ಮುರಿದವರ ಕಥೆ ಹೇಳುವಾಗ ಎಚ್. ನರಸಿಂಹಯ್ಯನವರನ್ನು ನೆನೆಯದಿರುವುದು ಹೇಗೆ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ. 1942ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿಎಸ್‌ಸಿ ಆನರ್ಸ್ ಕೊನೆಯ ವರ್ಷದಲ್ಲಿದ್ದಾಗ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಸೇರಿದ್ದರಿಂದ ಓದು ನಿಂತುಹೋಯಿತು. ಹೊರಬಂದ ಮೇಲೆ ಮತ್ತೆ ಅದೇ ಬೆಂಚಿನಲ್ಲಿ ಕೂತು ಆನರ್ಸ್ ಮುಗಿಸಿ, ಎಂಎಸ್‌ಸಿ ಮುಗಿಸಿ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ ಪಡೆದದ್ದು 1960ರಲ್ಲಿ, ನಲವತ್ತರ ಪ್ರಾಯದಲ್ಲಿ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಎರಡು ಪೇಪರ್ ಉಳಿದದ್ದಕ್ಕೆ ಬಾಳೇ ಮುಗಿಯಿತು ಎಂದುಕೊಂಡ ಹುಡುಗರು ಕಾಲೇಜು ಗ್ರಂಥಾಲಯದಲ್ಲಿ ಅದನ್ನು ಹುಡುಕಿ ತೆಗೆದರೆ ಒಂದು ವಾರದ ರಾತ್ರಿಗಳಿಗೆ ಒಳ್ಳೆಯ ಸಂಗಾತಿ ಸಿಕ್ಕಂತೆ.

ದುಡ್ಡಿನ ಚಿಂತೆ ಓದನ್ನು ತಿನ್ನುವಷ್ಟು ಬೇರೆ ಯಾವುದೂ ತಿನ್ನುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು 1881ರಲ್ಲಿ ಬಿಎ ಮುಗಿಸಿದರು. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಇಂದು ಆ ವಿದ್ಯಾರ್ಥಿವೇತನದ ಬಾಗಿಲು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಇಲ್ಲೇ ಅರ್ಜಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಯ ನೆರವು ಕೊಡುವ ವಿದ್ಯಾಸಿರಿಯೂ ಇದೆ. ಅರ್ಹತೆ ಇದ್ದೂ ಹಣ ಬಾರದಿರುವುದಕ್ಕೆ ಅನೇಕ ಸಲ ಕಾರಣ ತೀರಾ ಸಣ್ಣದು: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಆಧಾರ್‌ನಲ್ಲೊಂದು ಹೆಸರು ಅಂಕಪಟ್ಟಿಯಲ್ಲೊಂದು ಹೆಸರು, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಪ್ಪು, ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ ಬಾಕಿ. ಊರಲ್ಲಿರುವಾಗಲೇ ನಾಡಕಚೇರಿ, ಬ್ಯಾಂಕಿನ ಕೆಲಸ ಮುಗಿಸಿಕೊಂಡು ಬಂದರೆ ಮಧ್ಯದಲ್ಲಿ ತರಗತಿ ಬಿಟ್ಟು ಓಡಬೇಕಾಗುವುದಿಲ್ಲ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಗಂಡುಮಕ್ಕಳು ಬಸ್ ಪಾಸಿಗೆ ಸೇವಾಸಿಂಧುವಿನಲ್ಲಿ ಬೇಗ ಅರ್ಜಿ ಹಾಕಿದಷ್ಟೂ ಬಸ್ ಚಾರ್ಜು ಉಳಿಯುತ್ತದೆ.

ಕೊನೆಗೆ ಮನಸ್ಸು. ಮೊದಲ ಸಲ ಮನೆ ಬಿಟ್ಟು ಬಂದವರಿಗೆ ಮೊದಲ ತಿಂಗಳ ರಾತ್ರಿಗಳು ಉದ್ದ. ಫೋನಿನಲ್ಲಿ ಅಮ್ಮ ‘ಊಟ ಆಯ್ತೇನಪ್ಪಾ’ ಎಂದರೆ ಗಂಟಲು ಕಟ್ಟುತ್ತದೆ. ಇದು ದೌರ್ಬಲ್ಯವಲ್ಲ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ. ನಿದ್ದೆ ಕೆಟ್ಟು, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ದಾಟಿದರೆ ಮಾತ್ರ ಯಾರೊಂದಿಗಾದರೂ ಮಾತಾಡಬೇಕು. ಕಾಲೇಜಿನ ಮೆಂಟರ್ ಇರಬಹುದು, ನಂಬಿಕೆಯ ಮೇಷ್ಟ್ರು ಇರಬಹುದು. ಯಾರೂ ತೋಚದಿದ್ದರೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್‌ನ ಈ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸೀನಿಯರ್‌ಗಳ ಕಾಟವಿದ್ದರೆ ಯುಜಿಸಿಯ ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522.

ಪಕ್ಕದ ಮಂಚದವನು ಮೂರು ದಿನದಿಂದ ಮೆಸ್ಸಿನ ಕಡೆ ತಲೆ ಹಾಕಿಲ್ಲ ಎಂಬುದು ಮೊದಲು ಗೊತ್ತಾಗುವುದು ವಾರ್ಡನ್‌ಗಲ್ಲ, ಮೇಷ್ಟ್ರಿಗಲ್ಲ, ಊರಿನಲ್ಲಿರುವ ಅಪ್ಪ ಅಮ್ಮನಿಗಂತೂ ಅಲ್ಲ. ರೂಮ್‌ಮೇಟಿಗೆ. ಆಗ ದೊಡ್ಡ ಮಾತೇನೂ ಆಡಬೇಕಿಲ್ಲ. ತಟ್ಟೆ ಕೈಗೆ ಕೊಟ್ಟು, ‘ಏಳೋ, ಇವತ್ತು ಮುದ್ದೆ ಬಸ್ಸಾರು, ಬೇಗ ಹೋಗದಿದ್ರೆ ಖಾಲಿಯಾಗುತ್ತೆ’ ಎಂದರೆ ಸಾಕು.